ಉಭಯ ಕುಶಲೋಪರಿ

ಬೆಳಗ್ಗೆ 8.15ಕ್ಕೆ ನನ್ನ ಫೋನಿಗೆ ಒಂದು ಚಿತ್ರ ಬರುತ್ತದೆ. ಆ ಹೊತ್ತಿಗೆ ನಾನು ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಊಟದ ಚೀಲ ಹಿಡಿದು ನಿಂತಿರುತ್ತೇನೆ. ಚೀಲವನ್ನು ಮೊಣಕೈಗೆ ಏರಿಸಿ ಫೋನು ತೆಗೆಯುತ್ತೇನೆ. ಚಿತ್ರದಲ್ಲಿ ಇರುವುದು ಒಂದು ಕಪ್ಪುಹಲಗೆ, ಅಷ್ಟೆ. ಮೈಸೂರಿನ ಹೊರವಲಯದಲ್ಲಿ ಅಮ್ಮ ಇರುವ ಹಿರಿಯರ ವಸತಿಯಲ್ಲಿ, ಊಟದ ಮನೆಯ ಬಾಗಿಲ ಪಕ್ಕ ನಿಲ್ಲಿಸಿರುವ ಹಲಗೆ. ‘ಗುರುವಾರ, ಏಕಾದಶಿ. ತಿಂಡಿ: ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಉಪವಾಸದವರಿಗೆ ಅವಲಕ್ಕಿ. 11ರಿಂದ 1ರವರೆಗೆ ಟ್ಯಾಂಕ್ ತೊಳೆಯುತ್ತಾರೆ, ಬಕೆಟ್ ತುಂಬಿಸಿಟ್ಟುಕೊಳ್ಳಿ. ಸಂಜೆ 4ಕ್ಕೆ ಕಣ್ಣಿನ ಡಾಕ್ಟರು.’

ಇಷ್ಟು ಓದಿದರೆ ಸಾಕು, ಅಮ್ಮನ ದಿನ ನನ್ನ ಕಣ್ಣಿಗೆ ಕಟ್ಟುತ್ತದೆ. ರೊಟ್ಟಿಯ ಅಂಚು ಗಟ್ಟಿ ಇರುತ್ತದೆಂದು ನಡುವಿನದನ್ನು ಮಾತ್ರ ಮುರಿದು ತಿನ್ನುತ್ತಾಳೆ. ಹತ್ತು ಗಂಟೆಗೇ ಬಕೆಟ್ ತುಂಬಿಸಿ, ಸಾಲದೆಂದು ಎರಡು ಚೊಂಬು ಬೇರೆ ತುಂಬಿಸಿಡುತ್ತಾಳೆ. ಕಣ್ಣಿನ ಡಾಕ್ಟರು ಬರುತ್ತಾರೆಂದು ಮೂರೂವರೆಗೆ ಸೀರೆ ಬದಲಿಸಿ, ಹಳೆಯ ಚೀಟಿಗಳ ಕವರು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ನೂರೈವತ್ತು ಕಿಲೋಮೀಟರು ಆಚೆಯ ಈ ದೃಶ್ಯವೆಲ್ಲ ಎಂಟು ಸಾಲಿನ ಸೀಮೆಸುಣ್ಣದ ಬರಹದಿಂದ ಮೂಡುತ್ತದೆ. ನನ್ನ ನಿಲ್ದಾಣ ಬರುವವರೆಗೆ ನಾನು ಅಮ್ಮನ ಜೊತೆ ಇರುತ್ತೇನೆ.

ಈ ಚಿತ್ರ ನೋಡಿದಾಗಲೆಲ್ಲ ನನಗೆ ಅಜ್ಜನ ಕಾರ್ಡುಗಳು ನೆನಪಾಗುತ್ತವೆ. ಹಾಸನದ ಹತ್ತಿರದ ಹಳ್ಳಿಯಿಂದ ಅಜ್ಜ ಹದಿನೈದು ದಿನಕ್ಕೊಂದು ಕಾರ್ಡು ಹಾಕುತ್ತಿದ್ದರು. ನೆತ್ತಿಯ ಮೇಲೆ ‘ಶ್ರೀ’, ಬಲಗಡೆ ಮೂಲೆಯಲ್ಲಿ ‘ಕ್ಷೇಮ’, ಆಶೀರ್ವಾದ ಮುಗಿದ ಕೂಡಲೇ ‘ಉ॥ ಕು॥ ಸಾಂಪ್ರತ’. ಹಾಗೆಂದರೇನು ಅಂತ ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ. “ಉಭಯ ಕುಶಲೋಪರಿ ಸಾಂಪ್ರತ ಅಂತ ಕಣೇ. ನಾವೂ ಚೆನ್ನಾಗಿದ್ದೀವಿ, ನೀವೂ ಚೆನ್ನಾಗಿದ್ದೀರಿ, ಇನ್ನು ವಿಷಯಕ್ಕೆ ಬರೋಣ ಅಂತ ಅರ್ಥ” ಎಂದಿದ್ದಳು. ಆಮೇಲೆ ವಿಷಯ ಬರುತ್ತಿತ್ತು: ಮಳೆ ಹಿಡಿದದ್ದು, ಗೌರಿ ಹಸು ಕರು ಹಾಕಿದ್ದು, ಅಜ್ಜಿಯ ಸೊಂಟನೋವು, ಬಾವಿಗೆ ಹೊಸ ರಾಟೆ ಹಾಕಿಸಿದ್ದು. ಜಾಗ ಮುಗಿದರೆ ವಿಳಾಸದ ಪಕ್ಕದಲ್ಲಿ ಅಡ್ಡಡ್ಡ ಬರೆಯುತ್ತಿದ್ದರು. ಅಂಚೆಯಣ್ಣನೂ ಓದಿಕೊಂಡೇ ತರುತ್ತಿದ್ದ. “ಕರು ಹೆಣ್ಣಂತೆ ಅಮ್ಮಾವ್ರೆ” ಎನ್ನುತ್ತ ಗೇಟು ತೆಗೆಯುತ್ತಿದ್ದ.

ಸಾವಿನ ಕಾಗದದಲ್ಲಿ ಮಾತ್ರ ಆ ಮೂಲೆಯ ‘ಕ್ಷೇಮ’ ಇರುತ್ತಿರಲಿಲ್ಲ. ಅಮ್ಮ ಮೊದಲು ಆ ಮೂಲೆ ನೋಡಿ, ಆಮೇಲೆ ಉಸಿರು ಬಿಡುತ್ತಿದ್ದಳು. ಅಂಥ ಕಾಗದವನ್ನು ಹೊಸಿಲಾಚೆ ನಿಂತೇ ಓದಿ, ಹರಿದು, ಕಾಲು ತೊಳೆದು ಒಳಗೆ ಬರುತ್ತಿದ್ದಳು. ತಂತಿ ಬಂದರಂತೂ ಒಡೆಯುವ ಮೊದಲೇ ಅಳು ಶುರು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತುಹೋಯಿತೆಂದು ಪೇಪರಿನಲ್ಲಿ ಓದಿ ಹೇಳಿದಾಗ ಅಮ್ಮ ಒಂದು ಗಳಿಗೆ ಸುಮ್ಮನಿದ್ದು, “ಸದ್ಯ” ಎಂದಳು.

ಅಮ್ಮ ಈ ವಸತಿಗೆ ಬಂದು ಏಳು ವರ್ಷವಾಯಿತು. ಬರುವ ನಿರ್ಧಾರ ಅವಳದೇ. ಅಪ್ಪ ಹೋದ ಮೇಲೆ ಬೆಂಗಳೂರಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಅವಳಿಗೆ ಹಗಲು ಕಳೆಯುತ್ತಿರಲಿಲ್ಲ. ಇಲ್ಲಿ ಅಂಗಳವಿದೆ, ಸಂಪಿಗೆ ಮರವಿದೆ, ಮಾತಿಗೆ ನಲವತ್ತು ಜನ ಇದ್ದಾರೆ. ಆದರೆ ಆಗ ಹಲಗೆ ಇರಲಿಲ್ಲ, ಮನೆಯವರಿಗಾಗಿ ಒಂದು ವಾಟ್ಸ್ಆ್ಯಪ್ ಗುಂಪು ಇತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಗೇಟು ಮುಚ್ಚಿದಾಗ ಅದೇ ನಮ್ಮ ಜೀವದ ಎಳೆ. ದಿನಾ ಸಂಜೆ ಅಲ್ಲಿ ‘ಎಲ್ಲರೂ ಕ್ಷೇಮ’ ಎಂದು ಬರುತ್ತಿತ್ತು. ಮೊದಮೊದಲು ಅದನ್ನು ನೋಡಿ ಕೈ ಮುಗಿಯುತ್ತಿದ್ದೆ. ದಿನ ಕಳೆದಂತೆ ಆ ಎರಡು ಪದ ನನ್ನನ್ನು ಚುಚ್ಚತೊಡಗಿದವು. ಎಲ್ಲರೂ ಅಂದರೆ ಯಾರು? ಕ್ಷೇಮ ಅಂದರೆ ಎಷ್ಟು? ಅಜ್ಜನ ಕಾರ್ಡಿನಲ್ಲಿ ‘ಕ್ಷೇಮ’ದ ಕೆಳಗೆ ಇಡೀ ಕಾರ್ಡು ಇರುತ್ತಿತ್ತು. ಇಲ್ಲಿ ಕ್ಷೇಮದ ಕೆಳಗೆ ಏನೂ ಇರಲಿಲ್ಲ.

ಒಂದು ಮಂಗಳವಾರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಮಂಗಳವಾರ, ಬುಧವಾರ, ಗುರುವಾರ, ಮೂರು ಸಂಜೆಯೂ ‘ಎಲ್ಲರೂ ಕ್ಷೇಮ’ ಬಂತು. ಶುಕ್ರವಾರ ವಿಡಿಯೋ ಕರೆಯಲ್ಲಿ ಅವಳು ಎಡಗೈಯಲ್ಲಿ ಲೋಟ ಹಿಡಿದದ್ದು ಕಂಡು ನನಗೆ ಎದೆ ಧಸಕ್ಕೆಂದಿತು. ಮೂಳೆಗೆ ಏನೂ ಆಗಿರಲಿಲ್ಲ, ಮಣಿಕಟ್ಟು ಉಳುಕಿ ಊದಿತ್ತು. ಮ್ಯಾನೇಜರನ್ನು ಕೇಳಿದರೆ “ನಿಮಗೆ ಗಾಬರಿ ಆಗಬಾರದು ಅಂತ ಹೇಳಲಿಲ್ಲ ಮೇಡಂ, ಬರೋಕಂತೂ ಆಗ್ತಿರಲಿಲ್ಲವಲ್ಲ” ಎಂದರು. ಅಮ್ಮನನ್ನು ಕೇಳಿದರೆ ಅವಳದೂ ಅದೇ ಮಾತು: “ನಿನಗ್ಯಾಕೆ ಸುಮ್ಮನೆ ಗಾಬರಿ.”

ಆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಇಳಿದಂತೆ ಬೇರೊಂದು ನೆನಪು ಮೇಲೆ ಬಂತು. ಅಪ್ಪನ ಕೊನೆಯ ತಿಂಗಳು. ಡಾಕ್ಟರು ನನ್ನನ್ನು ಆಸ್ಪತ್ರೆಯ ಕಾರಿಡಾರಿಗೆ ಕರೆದು ಇನ್ನು ಹೆಚ್ಚು ದಿನ ಇಲ್ಲವೆಂದು ಹೇಳಿದ್ದರು. ವಾರ್ಡಿಗೆ ಮರಳಿದಾಗ ಅಪ್ಪ ನನ್ನ ಮುಖ ನೋಡಿದರು. ಅಮ್ಮ “ಏನಂದ್ರು ಡಾಕ್ಟ್ರು?” ಎಂದಳು. “ಏನಿಲ್ಲಮ್ಮ, ಮಾತ್ರೆ ಬದಲಾಯಿಸ್ತಾರಂತೆ” ಎಂದೆ. ಮೂರು ವಾರ ನಾನೂ ತಮ್ಮನೂ ಆ ಸುದ್ದಿಯನ್ನು ನಮ್ಮಲ್ಲೇ ಇಟ್ಟುಕೊಂಡೆವು. ಐವತ್ತೊಂದು ವರ್ಷ ಜೊತೆಗೆ ಬಾಳಿದ ಇಬ್ಬರಿಗೆ ಸೇರಿದ ಸುದ್ದಿ ಅದು. ಗೊತ್ತಿದ್ದರೆ ಅವರು ಏನು ಮಾತಾಡಿಕೊಳ್ಳುತ್ತಿದ್ದರೋ. ಆ ಮೂರು ವಾರ ಅವರಿಗೆ ಸಿಗದಂತೆ ಮಾಡಿದವರು ನಾವು. ಪ್ರೀತಿಯಿಂದಲೇ ಮಾಡಿದೆವು. ಮ್ಯಾನೇಜರೂ ಪ್ರೀತಿಯಿಂದಲೇ ಮಾಡಿರಬೇಕು.

ಗೇಟು ತೆರೆದ ಮೇಲೆ ಒಂದು ಭಾನುವಾರ ಮನೆಯವರನ್ನೂ ಹಿರಿಯರನ್ನೂ ಒಟ್ಟಿಗೆ ಕೂರಿಸಿ ಸಭೆ ಮಾಡಿದರು. ನಾವು ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ನಮಗೆ ಹೇಗೆ ತಿಳಿಸಬೇಕು, ಎಷ್ಟು ಹೊತ್ತಿಗೆ ತಿಳಿಸಬೇಕು, ಯಾರು ತಿಳಿಸಬೇಕು ಎಂದೆಲ್ಲ ಮುಕ್ಕಾಲು ಗಂಟೆ ಮಾತಾಡಿದೆವು. ಕೊನೆಗೆ ಹಿಂದಿನ ಸಾಲಿನಿಂದ ಅಮ್ಮ ಎದ್ದು ನಿಂತಳು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದವಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು. “ನನ್ನ ರಿಪೋರ್ಟು ನನ್ನ ಮಗಳ ಫೋನಿಗೆ ಹೋಗುತ್ತೆ. ಅವಳು ನನಗೆ ಹೇಳ್ತಾಳೆ, ಅಮ್ಮ ನಿನಗೆ ಸಕ್ಕರೆ ಜಾಸ್ತಿ ಆಗಿದೆ ಅಂತ. ನನ್ನ ಸಕ್ಕರೆ ವಿಷಯ ಬೆಂಗಳೂರಿಗೆ ಹೋಗಿ ವಾಪಸು ಬರಬೇಕಾ? ನನ್ನ ಸುದ್ದಿ ನನಗೆ ಮೊದಲು ಹೇಳಿ. ಆಮೇಲೆ ಅವಳಿಗೆ ಹೇಳಿ.” ಸಭೆ ಸ್ತಬ್ಧವಾಯಿತು. ಆಮೇಲೆ ಗಾಲಿಕುರ್ಚಿಯಲ್ಲಿದ್ದ ರಾಯರೊಬ್ಬರು ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಹಲಗೆ ಬಂದದ್ದು ಆ ಸಭೆಯಿಂದ. ಅದನ್ನು ಬರೆಯುವವರು ಎಂಬತ್ತನಾಲ್ಕು ವರ್ಷದ ನಿವೃತ್ತ ಮೇಷ್ಟ್ರು. ಅದಕ್ಕೆ ಮೊದಲು ನೋಟಿಸುಗಳು ಇರಲಿಲ್ಲವೆಂದಲ್ಲ. ಕಂಪ್ಯೂಟರಿನಲ್ಲಿ ನೀಲಿ ಅಕ್ಷರದಲ್ಲಿ ಅಚ್ಚುಹಾಕಿಸಿ, ಹಾಳಾಗಬಾರದೆಂದು ಲ್ಯಾಮಿನೇಟ್ ಮಾಡಿಸಿ ಅಂಟಿಸುತ್ತಿದ್ದರು. ಯಾರೂ ಓದುತ್ತಿರಲಿಲ್ಲ. ಮೇಷ್ಟ್ರು ಒಂದು ದಿನ ನನ್ನನ್ನು ಆ ಗೋಡೆಯ ಮುಂದೆ ನಿಲ್ಲಿಸಿ ಯಾಕೆಂದು ತೋರಿಸಿದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಮಂಕಾಗಿ ಹೋಗುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಪೊರೆ ಇರುವ ಕಣ್ಣಿಗೆ ಬರೀ ಹೊಳಪು ಕಾಣುತ್ತದೆ. ಸಣ್ಣ ಅಚ್ಚಿನಲ್ಲಿ ನಮ್ಮ ಒತ್ತಕ್ಷರಗಳೆಲ್ಲ ಒಂದೇ ಚುಕ್ಕೆಯಾಗುತ್ತವೆ. “ಇದು ನಿಮ್ಮ ಎತ್ತರಕ್ಕೆ ಅಂಟಿಸಿದ್ದು ತಾಯಿ. ರಾಯರು ಕುರ್ಚಿಯಲ್ಲಿ ಕೂತು ನೋಡಿದರೆ ಏನು ಕಾಣುತ್ತೆ, ಬಗ್ಗಿ ನೋಡಿ” ಎಂದರು. ಬಗ್ಗಿ ನೋಡಿದೆ. ಟ್ಯೂಬ್‌ಲೈಟು ಕಾಣಿಸಿತು.

ಈಗಿನ ಹಲಗೆ ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಇದೆ. ಕರಿಯ ಹಲಗೆಗೆ ಬಿಳಿ ಸೀಮೆಸುಣ್ಣ, ಎರಡು ಬೆರಳಷ್ಟು ಎತ್ತರದ ಅಕ್ಷರ, ಸಾಲಿಗೊಂದೇ ವಿಷಯ. ಹಾಸಿಗೆ ಬಿಟ್ಟು ಏಳಲಾರದ ಆರು ಜನರಿಗೆ ಅದನ್ನೇ ದೊಡ್ಡ ಹಾಳೆಯಲ್ಲಿ ಬರೆದು ಕೊಠಡಿಗೆ ಒಯ್ದು ಓದಿ ಹೇಳುತ್ತಾರೆ. ಕೆಳಗಡೆ ಎಂದೂ ಅಳಿಸದ ಒಂದು ಸಾಲು: ‘ಆಂಬುಲೆನ್ಸ್ 108. ಹಿರಿಯರ ಸಹಾಯವಾಣಿ 14567.’ ವಸತಿಯ ಬಗ್ಗೆಯೇ ದೂರಿದ್ದರೂ ಆ ಎರಡನೆಯ ಸಂಖ್ಯೆಗೆ ಫೋನು ಮಾಡಬಹುದೆಂದು ಮೇಷ್ಟ್ರು ಎಲ್ಲರಿಗೂ ತಿಳಿಸಿ ಹೇಳಿದ್ದಾರೆ.

ನಡುವೆ ಯಾರೋ ಧ್ವನಿವರ್ಧಕ ಹಾಕಿಸೋಣವೆಂದರು, ಹಾಕಿಸಿಯೂ ಆಯಿತು. ಆದರೆ ಕಿವಿ ಮಂದವಾಗುವಾಗ ಸ, ಶದಂಥ ತೆಳ್ಳನೆಯ ಧ್ವನಿಗಳೇ ಮೊದಲು ಹೋಗುತ್ತವೆ. ಸದ್ದು ಜೋರಾಗಿ ಕೇಳಿಸುತ್ತದೆ, ಮಾತು ಬಿಡಿಸಿ ಕೇಳಿಸುವುದಿಲ್ಲ. ಊಟದ ಮನೆಯ ಪಾತ್ರೆಗಳ ಗದ್ದಲದಲ್ಲಿ ಅದೂ ಇಲ್ಲ. ಮೈಸೂರು ರೇಡಿಯೋಗೆ ಕಿವಿ ಕೊಟ್ಟು ಬೆಳೆದ ಊರು. 1935ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪುಟ್ಟ ಕೇಂದ್ರ ಶುರುಮಾಡಿದರು, ಅದರ ಹೆಸರೇ ‘ಆಕಾಶವಾಣಿ’. ಅಮ್ಮನಿಗೆ ಇಂದಿಗೂ ಬೆಳಗಿನ ಸಂಸ್ಕೃತ ವಾರ್ತೆ ಕೇಳದೆ ಕಾಫಿ ಇಳಿಯುವುದಿಲ್ಲ. ಅರ್ಥ ಪೂರಾ ಆಗದಿದ್ದರೂ ಆ ಧ್ವನಿ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳುತ್ತದೆ. “ಹಾಗೆ ಹೇಳೋರು ಸಿಕ್ಕರೆ ಮೈಕು ಇರಲಿ, ಇಲ್ಲದಿದ್ರೆ ಬೇಡ” ಎಂದಳು. ಈಗ ಊಟ ಬಡಿಸುವ ಮೊದಲು ಹುಡುಗಿಯೊಬ್ಬಳು ಮೇಜಿನಿಂದ ಮೇಜಿಗೆ ಹೋಗಿ, ಮುಖ ಎದುರಿಗಿಟ್ಟು ಹೇಳಿ ಬರುತ್ತಾಳೆ. ತುಟಿ ಕಂಡರೆ ಅರ್ಧ ಮಾತು ತಿಳಿಯುತ್ತದೆ.

ಹಲಗೆಯ ಮೇಲೆ ವರ್ಷಕ್ಕೆರಡು ಸಲ ಅಮೆರಿಕದ ಗಡಿಯಾರದ ಸುದ್ದಿ ಬರುತ್ತದೆ. 9ನೇ ಕೊಠಡಿಯ ಅಜ್ಜಿಯ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ಸಂಜೆ ಆರೂವರೆಗೆ ಆಫೀಸಿನಿಂದ ಮನೆಗೆ ಬಂದ ಕೂಡಲೇ ಕರೆ ಮಾಡುತ್ತಾನೆ, ಇಲ್ಲಿ ಬೆಳಗ್ಗೆ ಏಳು ಗಂಟೆ. ಒಂದು ನವೆಂಬರಿನಲ್ಲಿ ಏಳಕ್ಕೆ ಫೋನು ಬರಲಿಲ್ಲ. ಏಳೂವರೆಗೂ ಇಲ್ಲ. ಅಜ್ಜಿ ಕಾಫಿ ಮುಟ್ಟದೆ ಫೋನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಅದರ ಮೇಲಿಟ್ಟು ಕೂತಿದ್ದರಂತೆ. ಎಂಟಕ್ಕೆ ಸರಿಯಾಗಿ ಬಂತು. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್‌ನ ಎರಡನೆಯ ಭಾನುವಾರ ಮತ್ತೆ ಮುಂದಕ್ಕೆ. ಮಗನಿಗೆ ಅದು ಹೇಳಬೇಕಾದ ವಿಷಯವೆಂದೇ ತೋಚಿರಲಿಲ್ಲ. ಆವತ್ತಿನಿಂದ ಮೇಷ್ಟ್ರು ಆ ಎರಡು ಭಾನುವಾರ ತಪ್ಪದೆ ಬರೆಯುತ್ತಾರೆ. ನವೆಂಬರಿನಲ್ಲಿ ಹೀಗೆ: ‘ಅಮೆರಿಕದ ಮಕ್ಕಳ ಫೋನು ನಾಳೆಯಿಂದ ಒಂದು ಗಂಟೆ ತಡ. ಯಾರೂ ಗಾಬರಿ ಆಗಬಾರದು.’ ಈ ‘ಗಾಬರಿ ಆಗಬಾರದು’ ನನಗೆ ತುಂಬ ಇಷ್ಟ. ಇದು ವಿಷಯ ಹೇಳಿ ಗಾಬರಿ ತಪ್ಪಿಸುವ ಮಾತು.

ನವೆಂಬರ್ ಅಂದರೆ ಪಿಂಚಣಿದಾರರ ತಿಂಗಳೂ ಹೌದು. ಅಮ್ಮನಿಗೆ ಅಪ್ಪನ ಕುಟುಂಬ ಪಿಂಚಣಿ ಬರುತ್ತದೆ. ತಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. 2014ರಿಂದ ಅದು ಡಿಜಿಟಲ್ ರೂಪದಲ್ಲೂ ಬಂದಿದೆ. ಮೊದಲ ವರ್ಷ ಅಮ್ಮನ ಹೆಬ್ಬೆಟ್ಟು ಯಂತ್ರಕ್ಕೆ ಹಿಡಿಯಲೇ ಇಲ್ಲ. ಅರವತ್ತು ವರ್ಷ ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ಹುಣಿಸೆಹಣ್ಣು ಕಿವುಚಿ ಸವೆದ ಬೆರಳು. ಬಟ್ಟೆಯಲ್ಲಿ ಒರೆಸಿ, ತುಸು ಎಣ್ಣೆ ಹಚ್ಚಿ ಒತ್ತಿದರೂ ಆಗಲಿಲ್ಲ. ಈಗ ಫೋನಿನಲ್ಲಿ ಮುಖ ತೋರಿಸಿದರೂ ನಡೆಯುತ್ತದೆ. ಯಾವ ದಿನ ಮಾಡಿಸುತ್ತಾರೆ, ಏನೇನು ಕಾಗದ ತರಬೇಕು ಎಂದು ಹಲಗೆಯಲ್ಲಿ ವಾರ ಮೊದಲೇ ಬರುತ್ತದೆ, ಮನೆಯವರಿಗೂ ಅದೇ ಚಿತ್ರ ಬರುತ್ತದೆ. ಕಳೆದ ವರ್ಷ ಮುಖ ತೋರಿಸಿ ಬಂದ ಅಮ್ಮ ಹೇಳಿದಳು: “ಸರ್ಕಾರಕ್ಕೆ ವರ್ಷಕ್ಕೊಂದು ಸಲ ನಾನಿದ್ದೀನಿ ಅಂದ್ರೆ ಸಾಕು. ನಿನಗೆ ದಿನಾ ಹೇಳಬೇಕು.”

ಹಲಗೆಗೆ ಅತಿ ಕಷ್ಟದ ಪರೀಕ್ಷೆ ಬಂದದ್ದು ಸಾವಿನ ವಿಷಯದಲ್ಲಿ. ಮೊದಲೆಲ್ಲ ಯಾರಾದರೂ ತೀರಿಕೊಂಡರೆ ರಾತ್ರಿಯೇ ಹಿಂದಿನ ಗೇಟಿನಿಂದ ಸಾಗಿಸಿ, ಬೆಳಗಾಗುವಷ್ಟರಲ್ಲಿ ಬಾಗಿಲ ಮೇಲಿನ ಹೆಸರು ತೆಗೆದುಬಿಡುತ್ತಿದ್ದರು. ಅಮ್ಮನ ಎದುರು ಕುರ್ಚಿಯ ಗೆಳತಿ ಹಾಗೇ ಹೋದರು. ಕೇಳಿದರೆ “ಮಗನ ಮನೆಗೆ ಹೋಗಿದ್ದಾರೆ” ಎಂಬ ಉತ್ತರ. ಇಪ್ಪತ್ತು ದಿನದ ಮೇಲೆ, ಆ ಗೆಳತಿಯ ಸೊಸೆ ಬೀರು ಖಾಲಿ ಮಾಡಲು ಬಂದಾಗ ಅಮ್ಮನಿಗೆ ಗೊತ್ತಾಯಿತು. “ದಿನಾ ಅವರಿಗೆ ಅಂತ ಒಂದು ಬಾಳೆಹಣ್ಣು ತೆಗೆದಿಡ್ತಿದ್ದೆ ಕಣೇ” ಎಂದು ಫೋನಿನಲ್ಲಿ ಅತ್ತಳು. ಎಂಬತ್ತು ದಾಟಿದವರಿಗೆ ಸಾವಿನ ಸುದ್ದಿ ತಡೆಯಲಾಗದು ಎಂದುಕೊಳ್ಳುತ್ತೇವೆ. ತಂದೆತಾಯಿ, ಗಂಡ, ಕೆಲವರು ಮಕ್ಕಳನ್ನೂ ಕಳಿಸಿಕೊಟ್ಟವರು ಅವರು. ಹೊಸಿಲಾಚೆ ನಿಂತು ಕಾಗದ ಓದಿ ಒಳಗೆ ಬಂದು ಒಲೆ ಹಚ್ಚಿದವರು. ಅವರಿಗೆ ತಡೆಯಲಾಗದ್ದು ಸುಳ್ಳು. ನಾಳೆ ತಾನು ಹೋದರೂ ಹೀಗೇ ಬಾಳೆಹಣ್ಣೊಂದು ಮೇಜಿನ ಮೇಲೆ ಉಳಿಯುತ್ತದಲ್ಲ ಎಂಬ ಯೋಚನೆ.

ಈಗ ಹಾಗಿಲ್ಲ. ಕಳೆದ ಆಷಾಢದ ಒಂದು ಬೆಳಗ್ಗೆ ಬಂದ ಚಿತ್ರದಲ್ಲಿ ತಿಂಡಿಯ ಸಾಲಿಗಿಂತ ಮೇಲೆ ಹೀಗಿತ್ತು: ‘14ನೇ ಕೊಠಡಿಯ ರಾಯರು ರಾತ್ರಿ 2.10ಕ್ಕೆ ತೀರಿಕೊಂಡರು. ನೋವಿರಲಿಲ್ಲ. ಸಿಸ್ಟರ್ ಕೈ ಹಿಡಿದುಕೊಂಡಿದ್ದರು. 10 ಗಂಟೆಯವರೆಗೆ ಹಾಲ್‌ನಲ್ಲಿ ನೋಡಬಹುದು.’ ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟಿದ ರಾಯರು. ಮುಂಬಾಗಿಲಿನಿಂದಲೇ ಅವರನ್ನು ಕಳಿಸಿಕೊಟ್ಟರಂತೆ, ಎಲ್ಲರೂ ನಿಂತು, ನಿಲ್ಲಲಾಗದವರು ಕೂತು. ಅಮ್ಮ ಒಂದು ಹಿಡಿ ಸಂಪಿಗೆ ಹಾಕಿದಳಂತೆ. ಸಂಜೆ ಫೋನಿನಲ್ಲಿ ಅವಳ ಧ್ವನಿ ಭಾರವಾಗಿತ್ತು, ಆದರೆ ಸಮಾಧಾನವಾಗಿತ್ತು.

ಮನೆಯವರಿಗೆ ತಿಳಿಸುವ ಕ್ರಮವೂ ಸುಧಾರಿಸಿತು. ಅವೇಳೆಯಲ್ಲಿ ಕರೆ ಮಾಡಿದರೆ ಸಿಸ್ಟರ್ ‘ಹಲೋ’ ಎನ್ನುವುದಿಲ್ಲ. “ಅಮ್ಮ ಚೆನ್ನಾಗಿದ್ದಾರೆ, ಒಂದು ವಿಷಯ ಕೇಳಬೇಕಿತ್ತು” ಎಂದು ಶುರುಮಾಡುತ್ತಾರೆ. ಚೆನ್ನಾಗಿಲ್ಲದಿದ್ದರೆ ಮೊದಲ ವಾಕ್ಯದಲ್ಲೇ ಏನಾಗಿದೆ, ಎಲ್ಲಿದ್ದಾರೆ, ಜೊತೆಗೆ ಯಾರಿದ್ದಾರೆ ಎಂದು ಹೇಳುತ್ತಾರೆ. ನಮಗೆ ಕಳಿಸುವ ಪಟ್ಟಿಯಲ್ಲಿ ಬಿಪಿ, ಸಕ್ಕರೆಯ ಜೊತೆ ‘ಇವತ್ತು ಹುಳಿ ಎರಡು ಸಲ ಹಾಕಿಸಿಕೊಂಡರು’ ಎಂದೂ ಇರುತ್ತದೆ. ನನಗೆ ಆ ಹುಳಿಯಿಂದ ತಿಳಿಯುವಷ್ಟು 130/80ರಿಂದ ತಿಳಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬರೆಯುವ ಮೊದಲು ಅಮ್ಮನನ್ನು ಕೇಳುತ್ತಾರೆ: “ಮಗಳಿಗೆ ಹೇಳಲಾ ಅಮ್ಮಾ?” ಒಮ್ಮೊಮ್ಮೆ ಅಮ್ಮ ಬೇಡವೆನ್ನುತ್ತಾಳೆ. ಅಂಥದ್ದೊಂದು ಇದೆಯೆಂಬುದೂ ನನಗೆ ಗೊತ್ತಾಗುವುದಿಲ್ಲ. ಅದು ಅವಳ ಸ್ವತ್ತು, ಅವಳ ಬಳಿಯೇ ಇರಲಿ.

ಇಷ್ಟೆಲ್ಲ ಆದ ಮೇಲೂ ನನಗೆ ‘ಉಭಯ’ ಎಂಬ ಪದ ಪೂರ್ತಿ ತಿಳಿದಿರಲಿಲ್ಲ. ಎರಡು ವರ್ಷದ ಹಿಂದೆ ಡೆಂಗಿಯಿಂದ ಐದು ದಿನ ಆಸ್ಪತ್ರೆಯಲ್ಲಿದ್ದೆ. ಅಮ್ಮನಿಗೆ ಆಫೀಸಿನ ಕೆಲಸಕ್ಕೆ ಹೊರಗೆ ಹೋಗಿದ್ದೇನೆಂದು ಹೇಳಿಸಿದ್ದೆ. ಮುಂದಿನ ಭೇಟಿಯಲ್ಲಿ ಅವಳು ನನ್ನ ಕೈ ಹಿಡಿದು ನೋಡಿದಳು. ಡ್ರಿಪ್ ಹಾಕಿದ ಜಾಗದಲ್ಲಿ ಹಳದಿ-ಹಸಿರಿನ ಕಲೆ ಇನ್ನೂ ಇತ್ತು. ಅದರ ಮೇಲೆ ಹೆಬ್ಬೆರಳು ಆಡಿಸುತ್ತ, ಜೋರು ಮಾಡದೆ, “ನಾನು ಬಿದ್ದದ್ದು ಹೇಳಲಿಲ್ಲ ಅಂತ ಸಭೆ ಮಾಡಿಸಿದೆ. ನಿನ್ನ ಸಭೆ ಯಾರು ಮಾಡಿಸ್ತಾರೆ?” ಎಂದಳು. ಯಂತ್ರಕ್ಕೆ ಹಿಡಿಯದ ಆ ಬೆರಳಿನಲ್ಲಿ ಅವಳು ನನ್ನನ್ನು ಪೂರ್ತಿ ಓದಿದ್ದಳು.

ಆಮೇಲೆ ಹಲಗೆಯ ಬಲಗಡೆ ಒಂದು ಗೆರೆ ಬಿತ್ತು. ಗೆರೆಯ ಆಚೆ ‘ಮನೆಯ ಸುದ್ದಿ’. ವಾರಕ್ಕೊಮ್ಮೆ ಪ್ರತಿ ಮನೆಯವರೂ ಒಂದು ಸಾಲು ಕಳಿಸಬೇಕು. ಮೊಮ್ಮಗಳಿಗೆ ಹಲ್ಲು ಬಂದದ್ದು, ಮಗನ ಕೆಲಸ ಹೋದದ್ದು, ಮತ್ತೆ ಸಿಕ್ಕಿದ್ದು, ಊರಿನ ಮನೆಯ ಹೆಂಚು ಬದಲಾಯಿಸಿದ್ದು. ಅವರವರು ಒಪ್ಪಿದರೆ ಮಾತ್ರ ಹಲಗೆಗೆ, ಇಲ್ಲದಿದ್ದರೆ ಚೀಟಿಯಲ್ಲಿ ಕೊಠಡಿಗೆ. ಮಗನ ಕೆಲಸ ಹೋದ ವಾರ ಆ ತಾಯಿಯ ಸುತ್ತ ಮೂರು ಜನ ಕೂತು ಅವರೆಕಾಯಿ ಸುಲಿಯುತ್ತ ಇಡೀ ಮಧ್ಯಾಹ್ನ ಮಾತಾಡಿದರಂತೆ. ಸುದ್ದಿ ಹೇಳಿದರೆ ಹಿರಿಯರು ಕುಗ್ಗುತ್ತಾರೆ ಎಂದುಕೊಂಡಿದ್ದ ನಮಗೆ ಅವರು ಮತ್ತೆ ತಾಯಿತಂದೆಯಾಗಿ ಕಂಡರು.

ಈ ಸಲ ನನಗೆ ಪಿತ್ತಕೋಶದ ಕಲ್ಲು. ಡಾಕ್ಟರು ತಾರೀಕು ಕೊಟ್ಟ ದಿನವೇ ಅಮ್ಮನಿಗೆ ಫೋನು ಮಾಡಿದೆ. “ಬುಧವಾರ ಆಪರೇಷನ್ ಅಮ್ಮ. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ತೆಗೀತಾರೆ. ನನಗೆ ಸ್ವಲ್ಪ ಹೆದರಿಕೆ ಇದೆ” ಎಂದೆ. ಆ ಕೊನೆಯ ವಾಕ್ಯವನ್ನು ಎಷ್ಟೋ ವರ್ಷಗಳ ಮೇಲೆ ಅವಳಿಗೆ ಹೇಳಿದ್ದು. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ “ಎಷ್ಟು ಗಂಟೆಗೆ? ಜೊತೆಗೆ ಯಾರಿರ್ತಾರೆ? ಮುಗಿದ ಮೇಲೆ ನನಗೆ ಯಾರು ಹೇಳ್ತಾರೆ?” ಎಂದು ಒಂದೊಂದಾಗಿ ಕೇಳಿದಳು. ನಾನು ವಸತಿಯವರನ್ನು ಕೇಳುವ ಪ್ರಶ್ನೆಗಳು.

ಬುಧವಾರ ಬೆಳಗ್ಗೆ ಹಸಿರು ಗೌನು ಹಾಕಿಕೊಂಡು ಮಲಗಿದ್ದೆ. 8.15ಕ್ಕೆ ಫೋನು ಮಿಣುಕಿತು. ‘ತಿಂಡಿ: ಖಾರಾಬಾತ್. ಕೆಳಗಿನ ಕಾರಿಡಾರಿನಲ್ಲಿ ಬಣ್ಣ ಹೊಡೆಯುತ್ತಿದ್ದಾರೆ, ಗೋಡೆ ಮುಟ್ಟಬೇಡಿ.’ ಗೆರೆಯ ಆಚೆ, ಮೇಷ್ಟ್ರ ದುಂಡು ಅಕ್ಷರದಲ್ಲಿ: ‘12ನೇ ಕೊಠಡಿಯವರ ಮಗಳಿಗೆ ಇಂದು 10 ಗಂಟೆಗೆ ಆಪರೇಷನ್. ಸುದ್ದಿ ಬಂದ ಕೂಡಲೇ ಇಲ್ಲಿ ಬರೆಯುತ್ತೇವೆ.’ ಅದರ ಕೆಳಗೆ ಒಂದು ಸಾಲಿನಷ್ಟು ಜಾಗವನ್ನು ಒರೆಸಿ ಖಾಲಿ ಬಿಟ್ಟಿದ್ದರು.

ಆ ಖಾಲಿ ಜಾಗವನ್ನು ನೋಡುತ್ತ ಮಲಗಿದೆ. ಒಳಗೆ ಕರೆದೊಯ್ಯಲು ಬಂದಾಗ ಫೋನನ್ನು ನನ್ನವರ ಕೈಗೆ ಕೊಟ್ಟು ಹೇಳಿದೆ: “ಮುಗಿದ ಕೂಡಲೇ ಮೊದಲ ಫೋನು ಅಮ್ಮನಿಗೆ. ಹಲೋ ಅನ್ನಬೇಡಿ, ಮೊದಲು ಸುದ್ದಿ ಹೇಳಿ.”